ಕಾಗದದ ಪರವಾಗಿ ಒಂದು ತಕರಾರು

ಲಗ್ನಪತ್ರಿಕೆಯ ಕಟ್ಟು ಬಿಚ್ಚಿದ ಕೂಡಲೇ ಬೀದರ್ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಏಳುವ ಪ್ರಶ್ನೆ ಹೀಗಿರುತ್ತದೆ: “ಮೊಬೈಲ್‌ನ್ಯಾಗ ಛಲೋ ಕಾಣ್ತಿತ್ತಲ್ರೀ, ಕಾರ್ಡಿನ ಮ್ಯಾಲ ಯಾಕ ಹಿಂಗ ಡಲ್ ಬಂದದ?” ಚಿಂತಾಕಿಯಲ್ಲಿ ಕೇಳಲಿ, ಔರಾದ್‌ನಲ್ಲಿ ಕೇಳಲಿ, ಭಾಲ್ಕಿಯಲ್ಲಿ ಕೇಳಲಿ, ಅಂಗಡಿಯವರ ಬಳಿ ಇದಕ್ಕೆ ನೆಟ್ಟಗಿನ ಉತ್ತರವಿಲ್ಲ. ಪ್ರೆಸ್‌ನವರು ಕೆಡಿಸಿದರು ಎನ್ನುತ್ತಾರೆ. ಪ್ರೆಸ್‌ಗೆ ಫೋನ್ ಹಚ್ಚಿದರೆ ನಿಮ್ಮ ಫೈಲೇ ಹಾಗಿತ್ತು ಎಂಬ ಮಾತು ಬರುತ್ತದೆ. ನಡುವೆ ಮದುಮಗಳ ತಂದೆ ಕಟ್ಟು ಹಿಡಿದು ನಿಂತಿರುತ್ತಾರೆ.

ಬಲ್ಲವರು ಇದಕ್ಕೆ ಕೊಡುವ ಪರಿಹಾರ ಬಹಳ ವರ್ಷಗಳಿಂದ ಒಂದೇ. ಒಳ್ಳೆಯ ಮಾನಿಟರ್ ಕೊಳ್ಳಿ, ಅದರ ಬಣ್ಣ ಅಳೆಯುವ ಸಾಧನ ಕೊಳ್ಳಿ, ಪರದೆಯನ್ನು ಕ್ಯಾಲಿಬ್ರೇಟ್ ಮಾಡಿ, ಸರಿಯಾದ ಪ್ರೊಫೈಲ್ ಹಾಕಿ. ಆಮೇಲೆ ಪರದೆಯಲ್ಲಿ ಕಂಡದ್ದೇ ಕಾಗದದ ಮೇಲೆ ಬರುತ್ತದೆ. ತರಬೇತಿ ಶಿಬಿರಗಳಲ್ಲಿ ಇದನ್ನೇ ಹೇಳುತ್ತಾರೆ, ಯೂಟ್ಯೂಬ್ ಪಾಠಗಳಲ್ಲೂ ಇದೇ. ಈ ಸಲಹೆಯ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. 1993ರಲ್ಲಿ ಎಂಟು ಕಂಪನಿಗಳು ಕೂಡಿ ಐಸಿಸಿ ಎಂಬ ಒಕ್ಕೂಟ ಕಟ್ಟಿ, ಕ್ಯಾಮೆರಾ, ಪರದೆ, ಮುದ್ರಣ ಯಂತ್ರ ಎಲ್ಲವೂ ಒಂದೇ ಭಾಷೆಯಲ್ಲಿ ಬಣ್ಣದ ಲೆಕ್ಕ ಮಾತಾಡುವಂತೆ ಮಾಡಿದ್ದನ್ನು ನಾನು ಹಗುರ ಮಾಡಲಾರೆ. ಆ ಶ್ರಮ ಇರದಿದ್ದರೆ ಇವತ್ತಿನ ಒಂದೇ ಒಂದು ಬಣ್ಣದ ಪುಸ್ತಕ ನೆಟ್ಟಗೆ ಬರುತ್ತಿರಲಿಲ್ಲ.

ಆದರೂ ನನ್ನದೊಂದು ತಕರಾರು ಇದೆ. ನಮ್ಮ ಸೀಮೆಯ ಅಂಗಡಿಗಳ ಮಟ್ಟಿಗೆ ಈ ಸಲಹೆ ತಲೆಕೆಳಗಾಗಿದೆ. ಅದು ಪರದೆಯನ್ನು ಅಸಲು ಎಂದು ಹಿಡಿದು, ಕಾಗದವನ್ನು ಅದರ ನಕಲು ಮಾಡಿಬಿಡುತ್ತದೆ. ನಕಲು ಅಸಲಿನಂತಿಲ್ಲವೆಂದು ಆಮೇಲೆ ಎಲ್ಲರೂ ಜಗಳಾಡುತ್ತಾರೆ. ಮುದ್ರಣದಲ್ಲಿ ಅಸಲು ಕಾಗದವೇ. ಪರದೆ ಬರೀ ಕೆಲಸದ ಹಲಗೆ. ಇದನ್ನು ಒಪ್ಪಿಕೊಂಡರೆ ಹತ್ತಾರು ಸಾವಿರ ರೂಪಾಯಿಯ ಸಾಧನಕ್ಕೆ ಮುಂಚೆ ಮಾಡಬೇಕಾದ ಅಗ್ಗದ ಕೆಲಸಗಳು ಕಣ್ಣಿಗೆ ಬೀಳುತ್ತವೆ.

ಮೊದಲು ನೀಲಿಯನ್ನು ತೆಗೆದುಕೊಳ್ಳೋಣ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ನಮ್ಮ ಜಿಲ್ಲೆಯ ಊರೂರಲ್ಲಿ ನೀಲಿ ಬ್ಯಾನರ್, ನೀಲಿ ಕರಪತ್ರ ಮುದ್ರಣವಾಗುತ್ತವೆ. ಪರದೆಯಲ್ಲಿ ಝಗ್ಗನೆ ಹೊಳೆದ ಆ ನೀಲಿ ಕಾಗದಕ್ಕೆ ಬಂದಾಗ ಬದನೆಕಾಯಿಯ ಕಡೆಗೆ ತಿರುಗಿರುತ್ತದೆ. ಸಂಘಟಕರಿಗೆ ಬೇಸರವಾಗುವುದು ಸಹಜ, ಅದು ಅವರಿಗೆ ಬರೀ ಬಣ್ಣವಲ್ಲ. ಇದರಲ್ಲಿ ಯಾರ ಕೈವಾಡವೂ ಇಲ್ಲ. ಪರದೆ ತಾನೇ ಬೆಳಕು ಬೀರುತ್ತದೆ. ಕೆಂಪು, ಹಸಿರು, ನೀಲಿ ದೀಪಗಳಲ್ಲಿ ನೀಲಿಯೊಂದನ್ನೇ ಪೂರ್ತಿ ಉರಿಸಿದರೆ ಆ ಬಣ್ಣ ಬಂತು. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಶಾಯಿ ಕೆಲವನ್ನು ನುಂಗಿ ಉಳಿದದ್ದನ್ನು ವಾಪಸ್ ಕೊಡುತ್ತದೆ. ಪ್ರೆಸ್‌ನಲ್ಲಿರುವ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಲ್ಲಿ ನೀಲಿ ಎಂಬುದೇ ಇಲ್ಲ. ಸಯಾನ್ ಮೇಲೆ ಮಜೆಂಟಾ ಕೂಡಿಸಿ ಅದನ್ನು ಹುಟ್ಟಿಸಬೇಕು. ಆ ಎರಡೂ ಶಾಯಿಗಳು ನುಂಗಬಾರದ ನೀಲಿ ಬೆಳಕನ್ನೂ ಸ್ವಲ್ಪ ಸ್ವಲ್ಪ ನುಂಗುತ್ತವೆ. ಹಾಗಾಗಿ ಬಣ್ಣ ಮಂಕಾಗುತ್ತದೆ, ಮಜೆಂಟಾ ತುಸು ಹೆಚ್ಚಾದರೂ ನೇರಳೆಗೆ ಜಾರುತ್ತದೆ.

ಪ್ರೆಸ್‌ನ ಹಳೆಯ ಮಿಷನ್‌ಮ್ಯಾನ್‌ಗಳಿಗೆ ಇದರ ಮದ್ದು ಗೊತ್ತು: ನೀಲಿ ಬೇಕಿದ್ದರೆ ಮಜೆಂಟಾ ಯಾವಾಗಲೂ ಸಯಾನ್‌ಗಿಂತ ಕನಿಷ್ಠ ಮೂವತ್ತು ಅಂಶ ಕೆಳಗಿರಲಿ. ಸಯಾನ್ ಶೇಕಡಾ 100 ಇದ್ದರೆ ಮಜೆಂಟಾ ಶೇಕಡಾ 60 ಅಥವಾ 70. ಈ ಲೆಕ್ಕ ಗೊತ್ತಿದ್ದವನಿಗೆ ಅಗ್ಗದ ಮಾನಿಟರ್ ಸಾಕು. ಗೊತ್ತಿಲ್ಲದವನ ಮುಂದೆ ಎಷ್ಟು ದುಬಾರಿ ಪರದೆ ಇಟ್ಟರೂ ಅದು “ಈ ನೀಲಿ ಬರುವುದಿಲ್ಲ” ಎಂದಷ್ಟೇ ತೋರಿಸೀತು, ಯಾವ ನೀಲಿ ಬರುತ್ತದೆ ಎಂಬ ಆಯ್ಕೆಯನ್ನು ಮನುಷ್ಯನೇ ಮಾಡಬೇಕು.

ಕೇಸರಿಯದು ಇನ್ನೊಂದು ತಂಟೆ. ಹಳದಿ ಪೂರ್ತಿ ಹಾಕಿ ಮಜೆಂಟಾವನ್ನು ಐವತ್ತು ಅರವತ್ತರ ಸುಮಾರಿಗೆ ಇಡುತ್ತಾರೆ. ಯಂತ್ರದಲ್ಲಿ ಮಜೆಂಟಾ ಕೊಂಚ ಏರಿದರೆ ಬಸವ ಜಯಂತಿಯ ಧ್ವಜ ಇಟ್ಟಿಗೆ ಬಣ್ಣಕ್ಕೆ ಹೋಗುತ್ತದೆ, ಇಳಿದರೆ ಅರಿಶಿನವಾಗುತ್ತದೆ. ಉರುಸಿನ ಪೋಸ್ಟರಿನ ಹಸಿರು ಪರದೆಯಲ್ಲಿ ಮಿಂಚಿದಷ್ಟು ಕಾಗದದಲ್ಲಿ ಎಂದೂ ಮಿಂಚುವುದಿಲ್ಲ. ಈ ವಿಷಯದಲ್ಲಿ ಅದೃಷ್ಟವಂತ ಎಂದರೆ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟ. ಹಳದಿ ಎಂದರೆ ಹಳದಿ ಶಾಯಿಯೊಂದೇ, ಕೆಂಪು ಎಂದರೆ ಮಜೆಂಟಾ ಮತ್ತು ಹಳದಿ ಎರಡೂ ಪೂರ್ತಿ. ನವೆಂಬರ್ ಒಂದರ ಪೋಸ್ಟರಿಗೆ ಬಣ್ಣದ ಜಗಳ ಬರುವುದು ಅಪರೂಪ.

ಪರದೆಯೇ ದೊಡ್ಡದು, ಕಾಗದ ಸಣ್ಣದು ಎಂಬ ನಂಬಿಕೆಯಲ್ಲೂ ಒಂದು ದೋಷವಿದೆ. ಆರ್ಟ್ ಪೇಪರಿನ ಮೇಲೆ ಆಫ್‌ಸೆಟ್‌ನಲ್ಲಿ ಬರುವ ಶುದ್ಧ ಸಯಾನ್ ಇದೆಯಲ್ಲ, ಅದು ಸಾಮಾನ್ಯ ಎಸ್‌ಆರ್‌ಜಿಬಿ ಪರದೆಯ ವ್ಯಾಪ್ತಿಯಿಂದ ಹೊರಗೇ ಬೀಳುತ್ತದೆ. 1996ರಲ್ಲಿ ಮೈಕ್ರೊಸಾಫ್ಟ್ ಮತ್ತು ಎಚ್‌ಪಿ ಕಂಪನಿಗಳು ಕೂಡಿ ರೂಪಿಸಿದ ಆ ಬಣ್ಣದ ವ್ಯಾಪ್ತಿ ಅಂದಿನ ಸಾಧಾರಣ ಮಾನಿಟರುಗಳ ಅಳತೆಗೆ ಹೊಲಿದದ್ದು. ಅಂದರೆ ಕಾಗದ ಕೊಡುವ ಕೆಲವು ಬಣ್ಣಗಳನ್ನು ಪರದೆ ತೋರಿಸಲಾರದು. ಯಾವುದು ಯಾವುದರ ನಕಲು ಆಗಬೇಕು ಎಂಬ ವಾದ ಇಲ್ಲಿಗೇ ಸಡಿಲವಾಗುತ್ತದೆ.

ಇನ್ನು ಪ್ರೊಫೈಲ್, ಅಂದರೆ ಒಂದು ಯಂತ್ರ ಬಣ್ಣವನ್ನು ಹೇಗೆ ಕೊಡುತ್ತದೆ ಎಂಬ ಲೆಕ್ಕದ ಕಡತದ ವಿಚಾರ. ಫೋಟೊಶಾಪ್ ಹಾಕಿಕೊಂಡು ಯಾವ ಸೆಟ್ಟಿಂಗನ್ನೂ ಮುಟ್ಟದೆ ಪರದೆಯ ಆರ್‌ಜಿಬಿ ಲೆಕ್ಕದಿಂದ ನಾಲ್ಕು ಶಾಯಿಯ ಸಿಎಂವೈಕೆಗೆ ಬದಲಿಸಿದರೆ ಅದು ಬಹುಮಟ್ಟಿಗೆ ಬಳಸುವುದು ‘ಸ್ವಾಪ್’ ಎಂಬ ಲೆಕ್ಕವನ್ನು. ಅಮೆರಿಕದ ನಿಯತಕಾಲಿಕಗಳು ಸುರುಳಿ ಕಾಗದದ ಮೇಲೆ ವೇಗವಾಗಿ ಮುದ್ರಣವಾಗುವಾಗ ಶಾಯಿ ಹೇಗೆ ಕೂರುತ್ತದೆ ಎಂಬುದರ ಲೆಕ್ಕ ಅದು. ಔರಾದ್‌ನ ಅಮರೇಶ್ವರ ಜಾತ್ರೆಯ ಕರಪತ್ರ ಹೊಳಪಿಲ್ಲದ ಮ್ಯಾಪ್‌ಲಿಥೊ ಕಾಗದದ ಮೇಲೆ, ಬಿಡಿ ಹಾಳೆಯ ಶೀಟ್ ಯಂತ್ರದಲ್ಲಿ ಅಚ್ಚಾಗುತ್ತದೆ. ಎರಡಕ್ಕೂ ಏನು ಸಂಬಂಧ? ಮಾನಿಟರನ್ನು ಎಷ್ಟೇ ನಿಖರವಾಗಿ ಅಳೆದು ಕೂರಿಸಿದರೂ, ಅದು ಅತ್ಯಂತ ಪ್ರಾಮಾಣಿಕವಾಗಿ ತೋರಿಸುವುದು ನಿಮ್ಮ ಕೆಲಸಕ್ಕೆ ಬಾರದ ಬೇರೊಂದು ಯಂತ್ರದ ಫಲಿತಾಂಶವನ್ನು. ಪ್ರೆಸ್‌ನವರು ತಮ್ಮ ಯಂತ್ರ, ತಮ್ಮ ಕಾಗದಕ್ಕೆ ಹೊಂದುವ ಪ್ರೊಫೈಲ್ ಕೊಟ್ಟರೆ ಆ ಮಾತೇ ಬೇರೆ. ಕೇಳಿ ನೋಡಿ, ಕೊಡುವವರು ಎಷ್ಟು ಜನ ಸಿಗುತ್ತಾರೆ.

ಸಿಕ್ಕರೂ ಇನ್ನೊಂದು ಅಡ್ಡಿ ಇದೆ. ಚಿಂತಾಕಿಯಂಥ ಹೋಬಳಿ ಊರಿನ ಅಂಗಡಿಯಲ್ಲಿ ಆಗುವುದು ವಿನ್ಯಾಸ ಮಾತ್ರ. ಔರಾದ್ ತಾಲೂಕಿನ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಇಂಥ ಕಡೆಯ ಫೈಲು ಬೀದರ್‌ಗೆ ಹೋಗಬಹುದು, ಲಗ್ನಪತ್ರಿಕೆಗಳಿಗೇ ಹೆಸರಾದ ಹೈದರಾಬಾದ್‌ನ ಛತ್ತಾ ಬಜಾರ್‌ಗೆ ಹೋಗಬಹುದು, ಉದಗೀರ್, ಲಾತೂರ್‌ಗೂ ಹೋಗಬಹುದು. ಯಾವ ಯಂತ್ರದ ಮೇಲೆ ಏರಿತು ಎಂಬುದು ವಿನ್ಯಾಸ ಮಾಡಿದವರಿಗೇ ಅನೇಕ ಸಲ ತಿಳಿಯುವುದಿಲ್ಲ. ವಿಸಿಟಿಂಗ್ ಕಾರ್ಡು, ಸಣ್ಣ ಕರಪತ್ರಗಳ ಕತೆ ಇನ್ನೂ ಸೊಗಸು. ಹತ್ತಾರು ಗಿರಾಕಿಗಳ ಕೆಲಸವನ್ನು ಒಂದೇ ದೊಡ್ಡ ಪ್ಲೇಟಿನಲ್ಲಿ ಕೂಡಿಸಿ ಒಟ್ಟಿಗೆ ಹೊಡೆಯುತ್ತಾರೆ. ಅಷ್ಟು ಕಡಿಮೆ ದರಕ್ಕೆ ಕಾರ್ಡು ಸಿಗುವುದು ಇದರಿಂದಲೇ. ನಿಮ್ಮ ಕಾರ್ಡಿನ ಕೇಸರಿಗಾಗಿ ಮಿಷನ್‌ಮ್ಯಾನ್ ಮಜೆಂಟಾ ಇಳಿಸಿದರೆ, ಅದೇ ಶಾಯಿಯ ಪಟ್ಟಿಯ ಸಾಲಿನಲ್ಲಿರುವ ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೊದಲ್ಲಿ ಮುಖ ಕಾಮಾಲೆ ಬಂದಂತಾಗುತ್ತದೆ. ಆದ್ದರಿಂದ ಆತ ಯಾರಿಗಾಗಿಯೂ ತಿದ್ದುವುದಿಲ್ಲ. ಕಡಿಮೆ ದರವೂ ಬೇಕು, ಪರದೆಯ ಬಣ್ಣವೂ ಬೇಕು ಎಂದರೆ ಎರಡರಲ್ಲೊಂದನ್ನು ಗಿರಾಕಿ ಬಿಡಲೇಬೇಕು. ಅಂಗಡಿಯವರು ಇದನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಅರ್ಧ ಜಗಳ ಕಡಿಮೆ.

ಆಫ್‌ಸೆಟ್ ಮುದ್ರಣಕ್ಕೆ ಐಎಸ್‌ಒ 12647-2 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಮೊದಲು 1996ರಲ್ಲಿ ಬಂದು ಆಮೇಲೆ ಪರಿಷ್ಕಾರಗೊಂಡದ್ದು. ಬಣ್ಣಗಳ ನಡುವಿನ ಅಂತರಕ್ಕೆ ಡೆಲ್ಟಾ ಇ ಎಂಬ ಅಳತೆ ಇದೆ. ಒಂದರ ಆಸುಪಾಸಿನ ವ್ಯತ್ಯಾಸವನ್ನು ಪಳಗಿದ ಕಣ್ಣು ಗುರುತಿಸಬಲ್ಲದು. ಆ ಮಾನದಂಡವೇ ಮೂಲ ಶಾಯಿಗಳಿಗೆ ಐದರ ಸುಮಾರಿನ ತನಕ ಸಡಿಲ ಬಿಡುತ್ತದೆ. ಯುರೋಪಿನ ಹವಾನಿಯಂತ್ರಿತ ಮುದ್ರಣಾಲಯಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸದ ರಿಯಾಯಿತಿ ಇರುವಾಗ, ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ ನಡೆಯುವ ಯಂತ್ರದಿಂದ ನಾವು ಮೊಬೈಲಿನ ಪಡಿಯಚ್ಚು ಕೇಳುತ್ತಿದ್ದೇವೆ.

ನಮ್ಮದೇ ಊರಿನ ಒಂದು ಕಸುಬು ಈ ವಿಚಾರದಲ್ಲಿ ನಮಗಿಂತ ಜಾಣ. ಬಿದರಿ ಕೆಲಸ ನೋಡಿದವರಿಗೆ ಗೊತ್ತು: ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆ ಮೊದಲು ಬೂದು ಬಣ್ಣದ್ದಾಗಿರುತ್ತದೆ. ಅದರ ಮೇಲೆ ಚಿತ್ತಾರದ ಗೆರೆ ಕೊರೆದರೆ ಕಾಣುವುದಿಲ್ಲ. ಅದಕ್ಕೆ ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಗೆರೆ ಎಳೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಎಲ್ಲ ಮುಗಿದ ಮೇಲೆ ಆ ಕಪ್ಪನ್ನು ಉಜ್ಜಿ ತೆಗೆದುಬಿಡುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆತ ಬಿಸಿ ದ್ರಾವಣ ಮುಟ್ಟಿಸಿದಾಗ ಲೋಹ ಖಾಯಂ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಡು ಕಪ್ಪು ಬೇರೆ ಬೇರೆ. ಮೊದಲನೆಯದು ಕೈಗೆ ದಾರಿ ತೋರಲು, ಎರಡನೆಯದು ಕಣ್ಣಿಗೆ. ಪದ್ಮಶ್ರೀ ಶಾ ರಶೀದ್ ಅಹ್ಮದ್ ಖಾದ್ರಿಯವರಂಥ ಕುಶಲಕರ್ಮಿಯ ಹೂಜಿ ಕೈಯಲ್ಲಿ ಹಿಡಿದು “ಇದು ಮೈಲುತುತ್ತದ ಕಪ್ಪಿನಂತಿಲ್ಲ” ಎಂದು ಯಾರಾದರೂ ತಕರಾರು ತೆಗೆದದ್ದುಂಟೇ? ಪರದೆಯ ಬಣ್ಣವನ್ನೂ ಆ ಮೈಲುತುತ್ತದ ಕಪ್ಪಿನ ಜಾಗದಲ್ಲಿ ಇಡಬೇಕೆಂಬುದು ನನ್ನ ವಾದ.

ಬಿದರಿಯನ್ನೇ ಮುದ್ರಿಸಹೊರಟವರಿಗೆ ‘ನಿಖರ ಬಣ್ಣ’ ಎಂಬ ಮಾತು ಎಷ್ಟು ಜಾರುವಂಥದ್ದು ಎಂದು ತಿಳಿಯುತ್ತದೆ. ಬೆಳ್ಳಿ ಎಂಬುದು ಬಣ್ಣಕ್ಕಿಂತ ಹೆಚ್ಚಾಗಿ ಹೊಳಪು. ನಾಲ್ಕು ಶಾಯಿಯಲ್ಲಿ ಅದು ಬೂದಿ ಬಣ್ಣವಾಗಿಯೇ ಬರುತ್ತದೆ, ನಿಜವಾಗಿ ಹೊಳೆಯಬೇಕಿದ್ದರೆ ಐದನೆಯ ಲೋಹದ ಶಾಯಿ ಬೇಕು. ಕಪ್ಪು ಶಾಯಿಯೊಂದನ್ನೇ ಹಾಕಿದರೆ ದೊಡ್ಡ ಜಾಗದಲ್ಲಿ ಅದು ಸುಣ್ಣ ಕಂಡ ಇದ್ದಿಲಿನಂತೆ ಪೇಲವ. ಅಡಿಯಲ್ಲಿ ಸ್ವಲ್ಪ ಸಯಾನ್, ಮಜೆಂಟಾ, ಹಳದಿ ಕೊಟ್ಟರಷ್ಟೇ ಆಳ ಬರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಹೂಜಿಯನ್ನು ಪುಟದ ಪಕ್ಕ ಇಟ್ಟರೆ ಎರಡೂ ಒಂದೇ ಅಲ್ಲ. ಆದರೂ ಒಳ್ಳೆಯ ಮುದ್ರಕನ ಪುಟದಲ್ಲಿ ಬೆಳ್ಳಿಯ ಗೆರೆ ಕಪ್ಪಿನೊಳಗಿಂದ ಎದ್ದು ಬಂದಂತೆ ಕಾಣುತ್ತದೆ. ಆತ ಸಾಧಿಸಿದ್ದು ಎರಡು ಬಣ್ಣಗಳ ನಡುವಿನ ಸಂಬಂಧವನ್ನು. ಇನ್ನೊಂದು ಉದಾಹರಣೆ: ಬೀದರ್‌ನ 1472ರ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಹೆಂಚುಗಳ ಫೋಟೊ ತೆಗೆಯಿರಿ. ಮುಂಜಾನೆಯ ನೀಲಿ ಸರಿಯೋ, ನಡುಹಗಲಿನ ನೀಲಿ ಸರಿಯೋ? ಯಾವುದಕ್ಕೆ ನಿಖರವಾಗಿರಬೇಕು ಎಂಬ ತೀರ್ಮಾನ ಆಗದೆ ನಿಖರತೆಯ ಮಾತು ಶುರುವಾಗುವುದೇ ಇಲ್ಲ.

ಹಿಂದಿನವರು ಈ ತೀರ್ಮಾನವನ್ನು ಸುಲಭವಾಗಿ ಮಾಡಿಕೊಂಡಿದ್ದರು. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮ ಪ್ರೆಸ್ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚಿನ ಕಲ್ಲು ಕೂರಿಸಿ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಗೆ ಕಳಿಸಿತು. ಮೂಲ ತೈಲಚಿತ್ರಕ್ಕೂ ದೇವರ ಕೋಣೆಯ ಪಟಕ್ಕೂ ಎಷ್ಟು ಅಂತರವೆಂದು ಅಳೆದವರಿಲ್ಲ. 1916ರಲ್ಲಿ ನಮ್ಮ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ಚಿತ್ರಗಳನ್ನು ದೇಶ ನೋಡಿದ್ದು ಕ್ಯಾಲೆಂಡರಿನ ಹಾಳೆಯ ಮೇಲೆ. ನೋಡಿದವರಿಗೆ ಆ ಹಾಳೆಯೇ ಅಸಲಾಗಿತ್ತು.

ಈಗ ಇನ್ನೊಂದು ಮಗ್ಗುಲು. ಮುದ್ರಣದಲ್ಲಿ ನಿಜವಾಗಿ ಹಣ ಹಾಳುಮಾಡುವ ತಪ್ಪುಗಳಲ್ಲಿ ಬಹಳಷ್ಟು ಎಷ್ಟೇ ಒಳ್ಳೆಯ ಪರದೆಯಲ್ಲೂ ಕಾಣುವುದಿಲ್ಲ. ಕಪ್ಪು ಅಕ್ಷರವನ್ನೇ ನೋಡಿ. ಆರ್‌ಜಿಬಿಯಲ್ಲಿ ಬರೆದ ಕಪ್ಪನ್ನು ಆ ಸ್ವಾಪ್ ಲೆಕ್ಕದಲ್ಲಿ ಬದಲಿಸಿದರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಎಂದು ನಾಲ್ಕೂ ಪ್ಲೇಟಿನಲ್ಲಿ ಹಂಚಿಹೋಗುತ್ತದೆ. ಪರದೆಯ ಮೇಲೆ ಅದೂ ಕಪ್ಪು, ಬರೀ ಕಪ್ಪು ಶಾಯಿಯ ನೂರೂ ಕಪ್ಪು. ಅಚ್ಚಿಗೆ ಹೋದಾಗ ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆ ಸರಿದರೂ ಅಕ್ಷರದ ಅಂಚಿಗೆ ಗುಲಾಬಿ, ನೀಲಿ ನೆರಳು ಬೀಳುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಹೇಗೋ ತಡೆದುಕೊಳ್ಳುತ್ತವೆ. ಕನ್ನಡದ ಗತಿ ಹಾಗಲ್ಲ. ಒತ್ತಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ, ಅರ್ಕಾವೊತ್ತು ಮಸಿಯ ಚುಕ್ಕೆಯಾಗುತ್ತದೆ, ‘ಶ್ರೀ’ಯ ಕೆಳಗಿನ ಸುರುಳಿ ಗುರುತು ಹತ್ತುವುದಿಲ್ಲ. ನಮ್ಮ ಜಿಲ್ಲೆಯ ಕಾರ್ಡುಗಳಲ್ಲಿ ಮರಾಠಿ, ಉರ್ದು, ತೆಲುಗು ಕೂಡ ಇರುತ್ತವೆ. ಉರ್ದುವಿನ ಚುಕ್ಕೆಗಳ ಪಾಡು ಕೇಳುವುದೇ ಬೇಡ. ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿ ನೂರು, ಉಳಿದ ಮೂರೂ ಸೊನ್ನೆ. ಈ ಒಂದು ನಿಯಮ ಪಾಲಿಸಿದರೆ ಸಿಗುವ ಲಾಭ ಯಾವ ಕ್ಯಾಲಿಬ್ರೇಷನ್‌ನಿಂದಲೂ ಸಿಗುವುದಿಲ್ಲ.

ಒಂದೇ ಜಾಗದಲ್ಲಿ ನಾಲ್ಕು ಶಾಯಿಗಳ ಮೊತ್ತ ಮುನ್ನೂರು ದಾಟಿದರೆ ಆರ್ಟ್ ಪೇಪರಿನಲ್ಲೂ ಒಣಗುವುದು ತಡ, ಮೇಲಿನ ಹಾಳೆಯ ಬೆನ್ನಿಗೆ ಮಸಿ ಹತ್ತುತ್ತದೆ. ನ್ಯೂಸ್‌ಪ್ರಿಂಟಿಗೆ ಇನ್ನೂರ ನಲವತ್ತೇ ಹೆಚ್ಚು. ಬಿಳಿ ಅಕ್ಷರಕ್ಕೆ ಕಣ್ತಪ್ಪಿ ಓವರ್‌ಪ್ರಿಂಟ್, ಅಂದರೆ ಕೆಳಗಿನ ಬಣ್ಣವನ್ನು ಕತ್ತರಿಸದೆ ಅದರ ಮೇಲೆಯೇ ಅಚ್ಚು ಹಾಕು ಎಂಬ ಗುರುತು ಬಿದ್ದಿದ್ದರೆ ಅಚ್ಚಿನಲ್ಲಿ ಆ ಅಕ್ಷರವೇ ಮಾಯ. ಇವೆಲ್ಲ ಸಂಖ್ಯೆ ನೋಡಿ ಹಿಡಿಯಬೇಕಾದ ತಪ್ಪುಗಳು.

ಹಾಗಿದ್ದರೆ ಬಣ್ಣವನ್ನು ಯಾವುದರಲ್ಲಿ ನೋಡಬೇಕು? ಕಾಗದದಲ್ಲಿ. ನಿಮ್ಮ ಕೆಲಸ ಯಾವ ಪ್ರೆಸ್‌ಗೆ ಹೋಗುತ್ತದೋ ಅದೇ ಪ್ರೆಸ್‌ನಲ್ಲಿ, ನೀವು ಬಳಸುವ ಅದೇ ಕಾಗದಗಳ ಮೇಲೆ ಒಂದು ಬಣ್ಣದ ಪಟ್ಟಿ ಅಚ್ಚು ಹಾಕಿಸಿ. ಹತ್ತು ನೀಲಿ, ಹತ್ತು ಕೇಸರಿ, ಹತ್ತು ಹಸಿರು, ಕೆಲವು ಮರೂನ್, ಒಂದೆರಡು ಚಿನ್ನದ ಬಣ್ಣದ ಹತ್ತಿರದವು, ನಮ್ಮ ಜನರ ಮೈಬಣ್ಣದ ನಾಲ್ಕಾರು ಫೋಟೊ, ಪ್ರತಿ ಚೌಕದ ಕೆಳಗೆ ಅದರ ನಾಲ್ಕು ಸಂಖ್ಯೆ. ಇದಕ್ಕಾಗಿ ಬೇರೆ ಪ್ಲೇಟ್ ಬೇಕಿಲ್ಲ. ದೊಡ್ಡ ಶೀಟಿನಲ್ಲಿ ಕೆಲಸ ಕೂರಿಸಿದ ಮೇಲೆ ಅಂಚಿನಲ್ಲಿ ಕತ್ತರಿಸಿ ಬಿಸಾಡುವ ಜಾಗ ಇದ್ದೇ ಇರುತ್ತದೆ. ಒಂದು ಪ್ರತಿಗೆ ಗ್ಲಾಸಿ ಲ್ಯಾಮಿನೇಷನ್, ಒಂದಕ್ಕೆ ಮ್ಯಾಟ್, ಒಂದನ್ನು ಹಾಗೆಯೇ ಬಿಡಿ, ಏಕೆಂದರೆ ಅದೇ ಶಾಯಿ ಮೂರರಲ್ಲೂ ಮೂರು ಥರ ಕಾಣುತ್ತದೆ. ಗಿರಾಕಿ ಬಂದಾಗ ಪಟ್ಟಿಯನ್ನು ಬಾಗಿಲ ಹತ್ತಿರ ನೆರಳಿನ ಹಗಲು ಬೆಳಕಿಗೆ ಒಯ್ದು ಮುಂದಿಡಿ. “ಇದ ಬೇಕ್ರೀ” ಎಂದು ಅವರು ಬೆರಳಿಟ್ಟ ಚೌಕದ ಸಂಖ್ಯೆಯನ್ನು ಕೋರಲ್ ಡ್ರಾದಲ್ಲಿ ಹಾಕಿ. ಆಮೇಲೆ ಪರದೆಯಲ್ಲಿ ಅದು ಹೇಗೆ ಕಂಡರೂ ತಲೆ ಕೆಡಿಸಿಕೊಳ್ಳಬೇಡಿ.

ಇದು ನನ್ನ ಶೋಧವೇನಲ್ಲ. ಜಗತ್ತಿನಲ್ಲಿ ಬಣ್ಣದ ಒಪ್ಪಂದಕ್ಕೆ ಅತಿ ಹೆಚ್ಚು ಬಳಕೆಯಾಗುವ ಪ್ಯಾಂಟೋನ್ ಪದ್ಧತಿಯನ್ನು 1963ರಲ್ಲಿ ಲಾರೆನ್ಸ್ ಹರ್ಬರ್ಟ್ ತಂದದ್ದು ಅಚ್ಚಾದ ಕಾಗದದ ಚೂರುಗಳ ಪುಸ್ತಕವಾಗಿಯೇ. ಕಂಪ್ಯೂಟರ್ ಬಂದು ಇಷ್ಟು ಕಾಲವಾದರೂ ದೊಡ್ಡ ಕಂಪನಿಗಳ ಲಾಂಛನದ ಬಣ್ಣ ಆ ಬೀಸಣಿಗೆಯಂಥ ಪುಸ್ತಕ ಬಿಚ್ಚಿ ತೀರ್ಮಾನವಾಗುತ್ತದೆ. ಆ ಪುಸ್ತಕ ದುಬಾರಿ, ಬೇರೆ ಶಾಯಿಯ ಲೆಕ್ಕದ್ದು, ನಮ್ಮ ನಾಲ್ಕು ಬಣ್ಣದ ಕೆಲಸಕ್ಕೆ ನೇರವಾಗಿ ಹೊಂದುವುದಿಲ್ಲ. ಹಾಗಾಗಿ ನಮ್ಮದು ನಾವೇ ಮಾಡಿಕೊಳ್ಳಬೇಕು.

ವಾಟ್ಸಾಪ್ ಬಗ್ಗೆಯೂ ಒಂದು ಮಾತು. ಕಾರ್ಡಿನ ಚಿತ್ರ ಕಳಿಸಿ, ಆ ಕಡೆಯಿಂದ ಹೆಬ್ಬೆರಳಿನ ಗುರುತು ಬಂದರೆ ಒಪ್ಪಿಗೆ ಆಯಿತು ಎಂಬುದು ಈಗಿನ ಪದ್ಧತಿ. ಆ ಹೆಬ್ಬೆರಳು ಒಪ್ಪಿದ್ದು ಏನನ್ನು? ಚಿತ್ರ ಕುಗ್ಗಿ ಬಂದಿರುತ್ತದೆ. ಫೋನು ಬಣ್ಣಗಳನ್ನು ತನ್ನ ಕಂಪನಿಯ ರುಚಿಗೆ ತಕ್ಕಂತೆ ಏರಿಸಿರುತ್ತದೆ. ರಾತ್ರಿ ಊಟವಾದ ಮೇಲೆ ಕಣ್ಣಿಗೆ ಹಿತವಾಗಲೆಂದು ಹಾಕಿದ ಸೆಟ್ಟಿಂಗಿನಿಂದ ಪರದೆ ಹಳದಿ ತಿರುಗಿರುತ್ತದೆ. ಅದೇ ಕಾರ್ಡನ್ನು ಮನೆಯ ನಾಲ್ಕು ಜನ ನಾಲ್ಕು ಫೋನಿನಲ್ಲಿ ನೋಡಿ ನಾಲ್ಕು ಬಣ್ಣಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೆ. ವಾಟ್ಸಾಪನ್ನು ಹೆಸರು, ತಾರೀಖು, ಮುಹೂರ್ತ, ಹಿರಿಯರ ಅನುಕ್ರಮ ತಪ್ಪಿಲ್ಲವೇ ಎಂದು ನೋಡಿಸಲು ಇಟ್ಟುಕೊಳ್ಳಿ. ಅದಕ್ಕೆ ಅದರಂಥ ಸಾಧನವಿಲ್ಲ. (ಸೋದರಮಾವನ ಹೆಸರು ಬಿಟ್ಟುಹೋದರೆ ಏಳುವ ಜಗಳದ ಮುಂದೆ ಮರೂನ್ ಮಂಕಾದ ಜಗಳ ಏನೂ ಅಲ್ಲ.) ಬಣ್ಣದ ಒಪ್ಪಿಗೆಗೆ ಪಟ್ಟಿಯ ಚೌಕದ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದು ಸಹಿ ಮಾಡಿಸಿಕೊಳ್ಳಿ.

ಇದೆಲ್ಲ ‘ನಡೀತದ ಬಿಡ್ರೀ’ ಎನ್ನುವ ಸಡಿಲತನಕ್ಕೆ ದಾರಿ ಎಂದು ಕ್ಯಾಲಿಬ್ರೇಷನ್ ಪರದವರು ಹೇಳಬಹುದು. ಅವರ ಕಾಳಜಿಗೆ ಗೌರವವಿದೆ. ಆದರೆ ಈಗ ನಡೆದಿರುವುದೇ ಸಡಿಲತನ. ಪರದೆಯನ್ನು ಸಾಕ್ಷಿಗೆ ಕರೆದಾಗ ಪ್ರತಿಯೊಬ್ಬರಿಗೂ ಜಾರಿಕೊಳ್ಳಲು ಜಾಗವಿದೆ: ನಿಮ್ಮ ಮಾನಿಟರ್ ಸರಿಯಿಲ್ಲ ಎಂದು ಪ್ರೆಸ್‌ನವರು, ಅವರ ಯಂತ್ರ ಸರಿಯಿಲ್ಲ ಎಂದು ಅಂಗಡಿಯವರು. ಅದೇ ಯಂತ್ರದಿಂದ ಹೊರಬಿದ್ದ ಪಟ್ಟಿಯನ್ನು ಮುಂದಿಟ್ಟು, ಮೊನ್ನೆ ಈ ಸಂಖ್ಯೆಗೆ ಈ ಬಣ್ಣ ಕೊಟ್ಟಿದ್ದಿರಿ, ಇವತ್ತು ಯಾಕೆ ಬೇರೆ ಬಂತು ಎಂದು ಕೇಳಿದರೆ ಯಾರೂ ಮಾನಿಟರನ್ನು ದೂರುವಂತಿಲ್ಲ. ಮರುಮುದ್ರಣದ ಖರ್ಚು ಯಾರ ತಲೆಗೆ ಎಂಬುದೂ ಅಲ್ಲೇ ತೀರುತ್ತದೆ. ಇವತ್ತು ಆ ಖರ್ಚು ಬೀಳುವುದು ಬಹುಪಾಲು ಎಲ್ಲರಿಗಿಂತ ಸಣ್ಣವನ ಮೇಲೆ, ಅಂದರೆ ಹೋಬಳಿ ಊರಿನ ಡಿಟಿಪಿ ಹುಡುಗನ ಮೇಲೆ.

ಕ್ಯಾಲಿಬ್ರೇಷನ್ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಫೋಟೊಗಳ ಮೈಬಣ್ಣವನ್ನು ದಿನವಿಡೀ ತಿದ್ದುವವರಿಗೆ, ಚಿತ್ರಕಲೆಯ ಪುಸ್ತಕ ಮಾಡುವವರಿಗೆ, ಔಷಧಿ ಡಬ್ಬಿ, ಬಿಸ್ಕತ್ತಿನ ಪೊಟ್ಟಣ ಮುದ್ರಿಸುವ ಕಾರ್ಖಾನೆಗಳಿಗೆ ಅದು ಬೇಕೇ ಬೇಕು. ಬಣ್ಣ ಒಂದು ಕೂದಲಷ್ಟೂ ಅಲುಗಬಾರದೆಂಬ ಶಿಸ್ತಿನ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಯಾರಿಸುವ ರಾಷ್ಟ್ರಧ್ವಜದ ಕೇಸರಿ, ಹಸಿರು, ನೀಲಿಗಳು ಭಾರತೀಯ ಮಾನಕ ಸಂಸ್ಥೆಯ ಮೊದಲನೆಯ ಮಾನದಂಡಕ್ಕೆ ಒಪ್ಪಬೇಕು. 1951ರಲ್ಲಿ ಬಂದು 1968ರಲ್ಲಿ ಪರಿಷ್ಕಾರವಾದ ಆ ದಾಖಲೆ ಬಣ್ಣವನ್ನು ಅಂಕಿಗಳಲ್ಲಿ ಕಟ್ಟಿಹಾಕಿದೆ. ಅಲ್ಲಿ ಬಟ್ಟೆಯನ್ನು ಪರೀಕ್ಷಿಸುವಾಗ ಯಾರೂ ಪರದೆಯ ಮೇಲಿನ ಧ್ವಜವನ್ನು ನೋಡಿಕೊಂಡು ಕೂರುವುದಿಲ್ಲ. ಅಂಕಿ ಒಂದು ಕೈಯಲ್ಲಿ, ಬಟ್ಟೆ ಇನ್ನೊಂದು ಕೈಯಲ್ಲಿ.

ಫ್ಲೆಕ್ಸ್ ವಿಷಯದಲ್ಲಂತೂ ನಿಖರತೆಯ ಚರ್ಚೆಗೆ ಆಯುಷ್ಯವೇ ಇಲ್ಲ. ನಮ್ಮ ಬೇಸಿಗೆಯ ಬಿಸಿಲಿಗೆ ಹಳದಿ ಮತ್ತು ಮಜೆಂಟಾ ಮೊದಲು ಹಾರಿಹೋಗುತ್ತವೆ, ಸಯಾನ್ ಮತ್ತು ಕಪ್ಪು ಹಟ ಹಿಡಿದು ನಿಲ್ಲುತ್ತವೆ. ಹಳೆಯ ಬ್ಯಾನರಿನಲ್ಲಿ ಎಲ್ಲ ಪಕ್ಷದ ನಾಯಕರೂ ಕೊನೆಗೆ ಒಂದೇ ನೀಲಿ ಮುಖದವರಾಗುತ್ತಾರೆ. ಪ್ಲಾಸ್ಟಿಕ್ ಫ್ಲೆಕ್ಸನ್ನೇ ರಾಜ್ಯ ಸರಕಾರ 2016ರಲ್ಲಿ ನಿಷೇಧಿಸಿದೆ ಎಂಬುದನ್ನು ಬೇಕಿದ್ದವರು ನೆನಪಿಸಿಕೊಳ್ಳಲಿ.

ಬೀದರ್, ಭಾಲ್ಕಿ, ಔರಾದ್‌ನ ಮುದ್ರಣಾಲಯದ ಮಾಲೀಕರಲ್ಲಿ ನನ್ನದೊಂದು ವಿನಂತಿ ಇದೆ. ನಿಮಗೆ ಕೆಲಸ ತರುವವರು ಹೋಬಳಿ ಊರುಗಳ ಈ ಸಣ್ಣ ಅಂಗಡಿಗಳೇ. ಮುಂದಿನ ಸಲ ದೊಡ್ಡ ಶೀಟು ಏರಿಸುವಾಗ ಅಂಚಿನ ಖಾಲಿ ಜಾಗದಲ್ಲಿ ನಿಮ್ಮ ಯಂತ್ರದ ಬಣ್ಣದ ಪಟ್ಟಿಯೊಂದನ್ನು ಹಾಕಿ, ಕಾಗದದ ಹೆಸರು ಮತ್ತು ತಾರೀಖು ಬರೆದು, ಪ್ರತಿ ಅಂಗಡಿಗೂ ಒಂದೊಂದು ಪ್ರತಿ ಪುಕ್ಕಟೆ ಕೊಡಿ. ಶಾಯಿಯ ಕಂಪನಿ ಬದಲಾದಾಗ ಹೊಸದು ಕೊಡಿ. ತುಳಸಿ ಲಗ್ನ ಮುಗಿದ ಕೂಡಲೇ ಮದುವೆ ಕಾರ್ಡುಗಳ ಕೆಲಸ ಮೈಮೇಲೆ ಬೀಳುತ್ತದೆ. ಅದಕ್ಕೆ ಮುಂಚೆ ಕೊಟ್ಟರೆ ಚೆನ್ನ.